ಮಾತು ತಡವಾದ ಮಗುವಿಗೆ ಮನೆ ಭಾಷೆ ಬಿಡಿಸಬೇಕಾ?

ಪ್ರಶ್ನೆ: ಮನೆಯಲ್ಲಿ ತುಳು, ಅಂಗನವಾಡಿಯಲ್ಲಿ ಕನ್ನಡ. ಮಗನಿಗೆ ಮೂರೂವರೆ ವರ್ಷ, ಮಾತು ಕಮ್ಮಿ. ತುಳು ನಿಲ್ಲಿಸಿದರೆ ಸರಿಹೋಗುತ್ತಾ?

ಉತ್ತರ: ಬೇಡ, ನಿಲ್ಲಿಸಬೇಡಿ. ಎರಡು ಭಾಷೆ ಕೇಳಿದ್ದರಿಂದ ಮಾತು ತಡವಾಗುವುದಿಲ್ಲ. ಆಟಿಸಂ, ಡೌನ್ ಸಿಂಡ್ರೋಮ್ ಇರುವ ಮಕ್ಕಳೂ ಎರಡು ಭಾಷೆ ಕಲಿಯಬಲ್ಲರು ಎಂದು ಅಧ್ಯಯನಗಳು ತೋರಿಸಿವೆ. ತುಳು ಬಿಟ್ಟರೆ ಅಜ್ಜಿಯ ಜೊತೆ ಮಾತಾಡುವ ಅವಕಾಶವೇ ಹೋಗುತ್ತದೆ, ಅಲ್ವಾ?

ಮೊದಲು ಕಿವಿ ಪರೀಕ್ಷೆ ಮಾಡಿಸಿ. ಇದನ್ನು ಎಷ್ಟೋ ಜನ ಸುಮ್ನೆ ಮುಂದೂಡುತ್ತಾರೆ. ಆಮೇಲೆ ತುಳು, ಕನ್ನಡ ಎರಡೂ ಸೇರಿಸಿ ಮಗು ಆಡುವ ಪದಗಳನ್ನು ಬರೆದಿಡಿ. ಕನ್ನಡ ಮಾತ್ರ ಕಮ್ಮಿಯಿದ್ದರೆ ಅದು ಅಭ್ಯಾಸದ ವಿಷಯ. ಎರಡರಲ್ಲೂ ಹಿಂದೆ ಇದ್ದರೆ ತಜ್ಞರಿಗೆ ತೋರಿಸಲೇಬೇಕು. "ಗಂಡುಮಕ್ಕಳು ತಡವಾಗಿಯೇ ಮಾತಾಡೋದು" ಎಂಬ ಮಾತು ನಂಬಿ ಕೂರಬೇಡಿ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡಬೇಕು. ಅದಕ್ಕೆ ಕಾಯದೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಮೈಸೂರಿನಲ್ಲಿ 1965ರಿಂದಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು ಎರಡರ ತಪಾಸಣೆಯೂ ಇದೆ. ಥೆರಪಿಸ್ಟ್‌ಗೆ ಮನೆಯಲ್ಲಿ ತುಳು ಆಡುವುದನ್ನು ಮೊದಲೇ ಹೇಳಿ. ಬರೀ ಕನ್ನಡದಲ್ಲಿ ಅಳೆದರೆ ಮಗು ಇರುವುದಕ್ಕಿಂತ ಹಿಂದೆ ಕಾಣುತ್ತದೆ.

ಅಂಗನವಾಡಿ ಟೀಚರ್‌ಗೆ ತುಳು ಬರದಿದ್ದರೆ 'ಬಡವು' (ಹಸಿವು), 'ನೀರ್' ಥರದ ದಿನಬಳಕೆಯ ನಾಲ್ಕಾರು ಪದ ಬರೆದುಕೊಡಿ. ಜೊತೆಗೆ ಚಿತ್ರದ ಕಾರ್ಡ್, ಕೈಸನ್ನೆ ಬಳಸಲಿ. ಸನ್ನೆ ಕಲಿತರೆ ಮಾತು ಬರುವುದಿಲ್ಲ ಎಂಬ ಭಯ ಬೇಡ.