ಹೆರಿಗೆ ಆದ ಮೇಲೆ ತುಂಬುವ ಪಾರ್ಟೋಗ್ರಾಫ್

ಪ್ರಶ್ನೆ: ಅಕ್ಕಾ, ನಾನು ಸಿಂಧನೂರು ಕಡೆಯ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ನೈಟ್ ಡ್ಯೂಟಿಯಲ್ಲಿ ಲೇಬರ್ ರೂಮಿಗೆ ನಾನು, ಒಬ್ಬ ಆಯಾ, ಅಷ್ಟೇ. ಮೊನ್ನೆ ತಪಾಸಣೆಗೆ ಬಂದವರು ಪಾರ್ಟೋಗ್ರಾಫ್ (ಹೆರಿಗೆ ಹೇಗೆ ಮುಂದುವರಿಯುತ್ತಿದೆ ಅಂತ ಆಗಾಗ ಚುಕ್ಕಿ ಇಟ್ಟು ಗುರುತಿಸುವ ಚಾರ್ಟ್) ನೋಡಿ, "ಎಲ್ಲಾ ಒಂದೇ ಸಲ ಕೂತು ಬರೆದಂಗಿದೆಯಲ್ಲಾ" ಅಂದರು. ನಿಜ, ಹೆರಿಗೆ ಮುಗಿದ ಮೇಲೇ ಬರೆದಿದ್ದೆ. ಟ್ರೈನಿಂಗ್ ಆಗಿದೆ, ನಿಯಮ ಗೊತ್ತು. ಆದರೂ ಮಾಡೋಕೆ ಆಗ್ತಿಲ್ಲ. ತಪ್ಪು ನನ್ನದೇನಾ?
– ಒಬ್ಬ ನರ್ಸ್, ರಾಯಚೂರು ಜಿಲ್ಲೆ

ಉತ್ತರ: ತಂಗಿ, ಬಳ್ಳಾರಿಯಲ್ಲಿ ನೌಕರಿ ಮಾಡುವಾಗ ನಾನೂ ಹಾಗೇ ತುಂಬಿದವಳು, ಅದಕ್ಕೇ ಬೈಯಲ್ಲ. ಮೊದಲು ಒಂದು ಲೆಕ್ಕ ಹಾಕೋಣ. ನೋವು ಜೋರಾದ ಮೇಲೆ ಅರ್ಧ ಗಂಟೆಗೊಮ್ಮೆ ಮಗುವಿನ ಎದೆಬಡಿತ ಕೇಳಬೇಕು, ಹೊಟ್ಟೆ ಮೇಲೆ ಕೈಯಿಟ್ಟು 10 ನಿಮಿಷದಲ್ಲಿ ಎಷ್ಟು ಸಲ ನೋವು ಬಂತು ಅಂತ ಎಣಿಸಬೇಕು. ಮೂವರಿದ್ದರೆ ಅಲ್ಲಿಗೆ ಅರ್ಧ ಗಂಟೆ ಮುಗೀತು, ಮತ್ತೆ ಮೊದಲನೆಯವಳ ಸರದಿ! ಅಷ್ಟರಲ್ಲಿ ಯಾವುದೋ ಕ್ಯಾಂಪಿನಿಂದ 108 ರಲ್ಲಿ ನಾಲ್ಕನೆಯವಳು ಬಂದಿರುತ್ತಾಳೆ, ಮಗುವಿನ ತಲೆ ಕಾಣಿಸ್ತಿರುತ್ತೆ. ಆಗ ಪೆನ್ನು ಹಿಡಿಯೋರು ಯಾರು?

ಆದರೆ ಒಂದು ಮಾತು ನೇರವಾಗಿ ಹೇಳ್ತೀನಿ. ಆಮೇಲೆ ತುಂಬಿದ ಶೀಟಿನಲ್ಲಿ ಗೆರೆ ಯಾವಾಗಲೂ ನೆಟ್ಟಗೇ ಏರಿರುತ್ತದೆ. ಅಲರ್ಟ್ ಗೆರೆ (ಹೆರಿಗೆ ನಿಧಾನವಾಗ್ತಿದೆ ಅಂತ ತೋರಿಸೋ ಗೆರೆ) ದಾಟಿತು, ಇನ್ನು ರಾಯಚೂರಿಗೆ ಕಳಿಸುವ ಯೋಚನೆ ಮಾಡು ಅಂತ ನಿಮ್ಮನ್ನು ಎಚ್ಚರಿಸೋಕೆ ಇರೋ ಕಾಗದ ಅದು. ಆ ದಾರಿ ಗಂಟೆಗಟ್ಟಲೆಯದ್ದು, ನಿಮಗೇ ಗೊತ್ತಲ್ವಾ.

ನಮ್ಮ ವಾರ್ಡಿನಲ್ಲಿ ಶೀಟುಗಳು ಸಿಸ್ಟರ್ ರೂಮಿನ ಬೀರುವಿನಲ್ಲಿ ಇರ್ತಿದ್ದವು, ಕೀಲಿ ಹಾಕಿ. ಒಂದು ದಿನ ಸುಮ್ನೆ ರಟ್ಟಿಗೆ ಕ್ಲಿಪ್ ಹಾಕಿ, ದಾರದಲ್ಲಿ ಪೆನ್ನು ಕಟ್ಟಿ, ಪ್ರತಿ ಮಂಚಕ್ಕೂ ನೇತು ಹಾಕಿದೆವು. ಎಡಗೈ ಹೊಟ್ಟೆ ಮೇಲಿದ್ದಾಗಲೇ ಬಲಗೈಯಲ್ಲಿ ಚುಕ್ಕಿ ಇಡೋಕೆ ಆಯ್ತು. ಇದೇನು ದೊಡ್ಡ ವಿಷಯ ಅನ್ನಬೇಡಿ. ಜಿನೀವಾದ ಆಸ್ಪತ್ರೆಯಲ್ಲಿ 1994 ರಿಂದ 1997 ರವರೆಗೆ ಕೈ ಉಜ್ಜುವ ದ್ರಾವಣದ ಬಾಟಲಿಯನ್ನು ಮಂಚದ ಪಕ್ಕಕ್ಕೇ ತಂದು, ಜೊತೆಗೆ ಪೋಸ್ಟರು, ತಪಾಸಣೆ ಎಲ್ಲ ಮಾಡಿದಾಗ ಕೈ ಸ್ವಚ್ಛತೆ ಪಾಲನೆ ಶೇ 48 ರಿಂದ 66 ಕ್ಕೆ ಏರಿತ್ತು. ನಲ್ಲಿ ವಾರ್ಡಿನ ಆ ತುದಿಯಲ್ಲಿದ್ದರೆ ಯಾರು ಸಲ ಸಲಕ್ಕೂ ಓಡ್ತಾರೆ!

ಇನ್ನು ಟ್ರೈನಿಂಗ್. ಎರಡು ದಿನ ಹಾಲ್‌ನಲ್ಲಿ ಕೂತು ಇಂಗ್ಲಿಷ್ ಸ್ಲೈಡ್ ನೋಡಿ, ಊಟ ಮಾಡಿ ಬರೋದು. ಅದಕ್ಕಿಂತ ಪಕ್ಕದಲ್ಲಿ ನಿಂತು ತೋರಿಸೋರು ಬೇಕು. ಉತ್ತರ ಪ್ರದೇಶದ 120 ಹೆರಿಗೆ ಕೇಂದ್ರಗಳಲ್ಲಿ ನಡೆದ ಅಧ್ಯಯನ 2017 ರಲ್ಲಿ ಪ್ರಕಟವಾಯಿತು. ಸುರಕ್ಷಿತ ಹೆರಿಗೆಯ ಚೆಕ್‌ಲಿಸ್ಟ್ ಕೊಟ್ಟು, ನರ್ಸ್‌ಗಳ ಜೊತೆ ನಿಂತು ಹೇಳಿಕೊಡುವವರು ಬರುತ್ತಿದ್ದಾಗ, ಮಾಡಬೇಕಾದ ಕೆಲಸಗಳಲ್ಲಿ ಸುಮಾರು ಶೇ 73 ಆಗುತ್ತಿದ್ದವು. ಅವರು ಬರೋದು ನಿಂತ ಮೇಲೆ ಶೇ 62 ಕ್ಕೆ ಇಳಿಯಿತು. (ತಾಯಿ–ಮಕ್ಕಳ ಸಾವು ಮಾತ್ರ ಅದರಿಂದ ಕಡಿಮೆಯಾಗಲಿಲ್ಲ, ಅದನ್ನೂ ಹೇಳಬೇಕಲ್ಲ.)

ನಿಮ್ಮ ಗೋಡೆ ಮೇಲಿನ ಚಾರ್ಟನ್ನೂ ಒಮ್ಮೆ ನೋಡಿ. ಹಳೆಯ ಪಾರ್ಟೋಗ್ರಾಫ್ ಗರ್ಭಕೋಶದ ಬಾಯಿ 4 ಸೆಂ.ಮೀ. ತೆರೆದಾಗ ಶುರು, ವಿಶ್ವ ಆರೋಗ್ಯ ಸಂಸ್ಥೆ 2020 ರಲ್ಲಿ ತಂದ ಹೊಸದು 5 ಸೆಂ.ಮೀ.ಗೆ. ಒಂದೇ ರೂಮಿನಲ್ಲಿ ಎರಡೂ ಇದ್ದರೆ ಸೀನಿಯರ್ ಸಿಸ್ಟರ್ ಒಂದು ಹೇಳ್ತಾರೆ, ಹೊಸ ಹುಡುಗಿ ಇನ್ನೊಂದು. ಯಾವುದು ಅಂತ ಡಾಕ್ಟರ ಕೈಲಿ ಬರೆಸಿಕೊಳ್ಳಿ.

ಮತ್ತೆ, ಆಗದಿದ್ದ ರಾತ್ರಿ ಸುಳ್ಳು ಚುಕ್ಕಿ ಇಡಬೇಡಿ. "ನೋವಿನಲ್ಲಿ ನಾಲ್ವರು, ನರ್ಸ್ ಒಬ್ಬಳೇ, 2 ರಿಂದ 4 ರವರೆಗೆ ನೋಡಲು ಆಗಿಲ್ಲ" ಅಂತ ಡ್ಯೂಟಿ ಪುಸ್ತಕದಲ್ಲಿ ಟೈಮ್ ಹಾಕಿ ಬರೆಯಿರಿ. ತಿಂಗಳಿಗೆ ಹತ್ತು ಸಲ ಹಾಗೆ ಬರೆದಿದ್ದರೆ, ಇನ್ನೊಬ್ಬರನ್ನು ಕೊಡಿ ಅಂತ ಕೇಳೋಕೆ ಅದೇ ದಾಖಲೆ.

ಪ್ರಶ್ನೆ: ಮಗಳು ಮುಕ್ಕಿ ಮುಕ್ಕಿ ಸುಸ್ತಾಗಿದ್ದಳು. ಹೊಟ್ಟೆ ಒತ್ತಿ ಅಂತ ಎಷ್ಟು ಬೇಡಿಕೊಂಡರೂ ಸಿಸ್ಟರ್ ಒಪ್ಪಲಿಲ್ಲ. ಅಷ್ಟು ಸೊಕ್ಕು ಯಾಕೆ?
– ಒಬ್ಬ ತಾಯಿ, ಗಂಗಾವತಿ

ಉತ್ತರ: ಸೊಕ್ಕಲ್ಲಮ್ಮ, ಅವರು ಮಾಡಿದ್ದೇ ಸರಿ. ಮೇಲಿನಿಂದ ಹೊಟ್ಟೆ ಒತ್ತಿದರೆ ಗರ್ಭಕೋಶ ಹರಿಯುವ ಭಯ ಇರುತ್ತದೆ. ಒತ್ತಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2018 ರಲ್ಲೇ ಹೇಳಿದೆ. ಹೊರಗೆ ನಿಂತ ಹತ್ತು ಜನ ಕೂಗಾಡಿದಾಗಲೇ ಎಷ್ಟೋ ಸಿಸ್ಟರ್‌ಗಳು ಹೆದರಿ ನಿಯಮ ಬಿಡೋದು. ಮುಂದಿನ ಸಲ ಒಬ್ಬರೇ ಒಳಗೆ ಹೋಗಿ, ಮಗಳ ಕೈ ಹಿಡಿದುಕೊಳ್ಳಿ, ಗುಟುಕು ಗುಟುಕಾಗಿ ನೀರು ಕೊಡಿ.