ವಾಯುಪಡೆ ಬಿಟ್ಟ ಪೈಲಟ್ ನೇರವಾಗಿ ಪ್ಯಾಸೆಂಜರ್ ವಿಮಾನ ಹಾರಿಸಬಹುದಾ?

ವಾಯುಪಡೆಯಲ್ಲಿರುವ ನಿಮ್ಮ ಅಣ್ಣ ಹೊರಬಂದು, ನಮ್ಮ ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣಕ್ಕೆ ಬರುವಂಥ ಚಿಕ್ಕ ಪ್ಯಾಸೆಂಜರ್ ವಿಮಾನ ಎಟಿಆರ್ ಹಾರಿಸಬಹುದಾ ಅಂತ ಕೇಳಿದ್ದೀರಿ. ಹಾರಿಸಬಹುದು, ಆದರೆ ನೇರವಾಗಿ ಅಲ್ಲ. ನಾಗರಿಕ ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎ ಕೊಡುವ ಲೈಸೆನ್ಸ್ ಬೇರೆಯೇ ಬೇಕು.

ವಾಯುಪಡೆಯಲ್ಲಿ ಹಾರಿದ ಗಂಟೆಗಳು ಸುಮ್ನೆ ಹೋಗುವುದಿಲ್ಲ, ದೃಢೀಕರಿಸಿದ ದಾಖಲೆ ಇದ್ದರೆ ಲೆಕ್ಕಕ್ಕೆ ಬರುತ್ತವೆ. ಸಿಪಿಎಲ್‌ಗೆ, ಅಂದರೆ ಸಂಬಳಕ್ಕೆ ವಿಮಾನ ಹಾರಿಸುವ ಲೈಸೆನ್ಸ್‌ಗೆ, 200 ಗಂಟೆ ಸಾಕು. ಕ್ಯಾಪ್ಟನ್ ಆಗಲು ಬೇಕಾದ ಮೇಲಿನ ಲೈಸೆನ್ಸ್ ಎಟಿಪಿಎಲ್‌ಗೆ 1,500 ಗಂಟೆ. ಅಣ್ಣ ಯಾವ ವಿಮಾನ ಹಾರಿಸುತ್ತಾರೆ ಅನ್ನುವುದು ಇಲ್ಲಿ ಮುಖ್ಯ. ಎಎನ್-32 ತರದ ಸಾಗಣೆ ವಿಮಾನದವರಿಗೆ ಗಂಟೆ ಬೇಗ ಕೂಡುತ್ತದೆ, ಜೊತೆಗಾರರೊಂದಿಗೆ ಕೆಲಸ ಹಂಚಿಕೊಳ್ಳುವ ರೂಢಿಯೂ ಇರುತ್ತದೆ. ಫೈಟರ್‌ನವರ ಹಾರಾಟ ಚಿಕ್ಕದು, ಹೆಚ್ಚಾಗಿ ಒಬ್ಬರೇ. ಹೆಲಿಕಾಪ್ಟರ್‌ನವರ ದಾರಿ ಎಲ್ಲರಿಗಿಂತ ಉದ್ದ, ವಿಮಾನ ಹಾರಿಸುವ ತರಬೇತಿಯನ್ನೇ ಪಡೆಯಬೇಕು.

ಡಿಜಿಸಿಎ ಪರೀಕ್ಷೆಗಳಲ್ಲಿ ವಾಯು ನಿಯಮಗಳ ಪೇಪರನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎಷ್ಟೇ ಅನುಭವ ಇದ್ದರೂ ಸಿವಿಲ್ ನಿಯಮ ಓದಲೇಬೇಕು, ಅಲ್ವಾ? ರೇಡಿಯೋ ಲೈಸೆನ್ಸ್, ಕ್ಲಾಸ್ 1 ಮೆಡಿಕಲ್ (ಪೈಲಟ್‌ಗಳ ಆರೋಗ್ಯ ತಪಾಸಣೆ) ಕೂಡ ಬೇಕು. ಮೆಡಿಕಲ್‌ಗೆ ದೂರ ಹೋಗಬೇಕಿಲ್ಲ, ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲೇ ಆಗುತ್ತದೆ. ಆಮೇಲೆ ಎಟಿಆರ್ ಅಥವಾ ಏರ್‌ಬಸ್ ಎ320ಕ್ಕೆ ಟೈಪ್ ರೇಟಿಂಗ್, ಅಂದರೆ ಆ ಮಾದರಿಯ ವಿಮಾನ ಹಾರಿಸಲು ಬೇಕಾದ ತರಬೇತಿ ಮತ್ತು ಅನುಮತಿ. ಇದಕ್ಕೆ ದುಡ್ಡು ಜಾಸ್ತಿ, ಹಾಗಾಗಿ ಕೆಲಸ ಖಚಿತವಾಗುವ ಮುಂಚೆ ಮಾಡಿಸದಿರುವುದು ಒಳ್ಳೆಯದು. ಸೇರುವಾಗ ಹೆಚ್ಚಿನವರಿಗೆ ಸಿಗುವುದು ಫಸ್ಟ್ ಆಫೀಸರ್ (ಸಹ ಪೈಲಟ್) ಸೀಟೇ.