ಮಳೆಗಾಲ ಮುಗಿಯೋಷ್ಟರಲ್ಲಿ ಕಾರ್ ಬ್ಯಾಟರಿ ಡೌನ್: ಲಿಥಿಯಂ ಹಾಕಿಸಬೇಕಾ?

ನೀವು ಕೇಳಿರೋದು ಇಷ್ಟು: ನಿಮಗೆ ಬೆಂಗಳೂರಲ್ಲಿ ಕೆಲಸ. 35 ಎಎಚ್ (ಆಂಪ್-ಅವರ್, ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಅಳತೆ) ಬ್ಯಾಟರಿಯ ಸಣ್ಣ ಪೆಟ್ರೋಲ್ ಕಾರು ಕೊಡಗಿನ ನಾಪೋಕ್ಲು ಕಡೆಯ ಮನೆಯಲ್ಲಿ ಅಪ್ಪ-ಅಮ್ಮನ ಹತ್ತಿರ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಚ್ಚುಕಮ್ಮಿ ಶೆಡ್ಡಲ್ಲೇ ನಿಂತಿರುತ್ತೆ, ಎರಡು ವರ್ಷಕ್ಕೊಂದು ಬ್ಯಾಟರಿ ಬೇಕಾಗ್ತಿದೆ. ಒಬ್ಬರು ಲಿಥಿಯಂ ಹಾಕಿಸಿ ಅಂದ್ರು, ಇನ್ನೊಬ್ಬರು ಇನ್ವರ್ಟರ್ ಬ್ಯಾಟರಿನೇ ಕೂರಿಸಬಹುದು ಅಂದ್ರು, ಮೊಬೈಲಲ್ಲಿ ಸೂಪರ್ ಕೆಪಾಸಿಟರ್ ವಿಡಿಯೋ ನೋಡಿದ್ರಿ. ಯಾವುದು ಸರಿ ಅಂತ ಪ್ರಶ್ನೆ.

ಮೂರೂ ಬೇಡ. ಮಾಮೂಲಿ ಸೀಸದ ಬ್ಯಾಟರಿಯೇ ನಿಮಗೆ ಸಾಕು. ಅದನ್ನ ಅರ್ಧಂಬರ್ಧ ಚಾರ್ಜಲ್ಲಿ ತಿಂಗಳುಗಟ್ಟಲೆ ನಿಲ್ಲಿಸೋದು ತಪ್ಪಿದರೆ ನಾಲ್ಕೈದು ವರ್ಷ ಬರಬೇಕು. ನಾನು ಸುಂಟಿಕೊಪ್ಪ ಕಡೆಯವನು. ಮನೆಗೊಂದು ಕಾರು, ತೋಟಕ್ಕೊಂದು ಹಳೇ ಡೀಸೆಲ್ ಜೀಪು. ಎರಡರ ಬಾನೆಟ್ಟನ್ನೂ ನಾನೇ ಎತ್ತಿ ನೋಡಿಕೊಳ್ಳೋದ್ರಿಂದ ಹೇಳ್ತಿದ್ದೀನಿ.

ರಾಯಚೂರು, ಕಲಬುರಗಿ ಕಡೆ ಬ್ಯಾಟರಿ ಸಾಯೋದು ಬಿಸಿಲಿಗೆ. ಕಾವು ಹೆಚ್ಚಾದಷ್ಟೂ ಒಳಗಿನ ಪ್ಲೇಟ್ ಬೇಗ ಸವೆಯುತ್ತೆ, ನೀರು ಆರುತ್ತೆ. ನಮ್ಮಲ್ಲಿ ಆ ಕಾಟ ಕಮ್ಮಿ, ಆ ಲೆಕ್ಕದಲ್ಲಿ ಕೊಡಗಿನ ಹವೆ ಬ್ಯಾಟರಿಗೆ ಒಳ್ಳೇದೇ. ಇಲ್ಲಿ ಅದು ಹೋಗೋದು ನಿಂತು ನಿಂತು. ಚಾರ್ಜ್ ಇಳಿದಂತೆ ಪ್ಲೇಟ್ ಮೇಲೆ ಲೆಡ್ ಸಲ್ಫೇಟ್ ಕೂರುತ್ತೆ. ಬೇಗ ಚಾರ್ಜ್ ಮಾಡಿದರೆ ಅದು ಕರಗಿ ಮತ್ತೆ ಆಸಿಡ್ ಆಗುತ್ತೆ. ವಾರಗಟ್ಟಲೆ ಹಾಗೇ ಬಿಟ್ಟರೆ ಹರಳುಗಟ್ಟಿ ಗಟ್ಟಿಯಾಗುತ್ತೆ, ಆಮೇಲೆ ಯಾವ ಚಾರ್ಜರ್ರಿಗೂ ಪೂರ್ತಿ ಬಗ್ಗಲ್ಲ. ಮೆಕ್ಯಾನಿಕ್‌ಗಳು 'ಸಲ್ಫೇಟ್ ಕೂತಿದೆ' ಅನ್ನೋದು ಇದಕ್ಕೇ. ಆಸ್ಪಿರಿನ್ ಮಾತ್ರೆ ಹಾಕಿದರೆ ಸರಿಹೋಗುತ್ತೆ ಅಂತ ಯಾರಾದರೂ ಅಂದರೆ ನಂಬಬೇಡಿ, ಅದು ಇರೋ ಪ್ಲೇಟನ್ನೂ ತಿನ್ನುತ್ತೆ.

ನಿಂತ ಕಾರಿನ ಬ್ಯಾಟರಿ ಯಾಕೆ ಇಳಿಯುತ್ತೆ? ಕೀ ತೆಗೆದ ಮೇಲೂ ಗಡಿಯಾರ, ಲಾಕಿನ ರಿಮೋಟ್ ರಿಸೀವರ್, ಅಲಾರಂ, ಇಸಿಯು (ಎಂಜಿನ್ ನಡೆಸೋ ಕಂಪ್ಯೂಟರ್) ಎಲ್ಲ ಸ್ವಲ್ಪ ಸ್ವಲ್ಪ ಕರೆಂಟ್ ಎಳೀತಾನೇ ಇರುತ್ತವೆ. ಒಟ್ಟು 20ರಿಂದ 50 ಮಿಲಿಆಂಪ್ ಇದ್ದರೆ ಸಹಜ. 30 ಅಂತಲೇ ಇಟ್ಟುಕೊಳ್ಳಿ, ದಿನಕ್ಕೆ 0.72 ಎಎಚ್ ಆಯ್ತು. 35 ಎಎಚ್ ಬ್ಯಾಟರಿ ಮೂರೂವರೆ ವಾರದಲ್ಲಿ ಅರ್ಧಕ್ಕೆ ಬಂತು. ನಿಮ್ಮದು ನಿಲ್ಲೋದು ಮೂರು ತಿಂಗಳು.

ಅಪ್ಪ ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಡ್ತಾರೆ ಅಂದಿದ್ದೀರಿ. ಅವರಿಗೆ ಹೇಗಾದರೂ ಮಾಡಿ ಬೇಡ ಅಂತ ಒಪ್ಪಿಸಿ. ಐಡಲ್‌ನಲ್ಲಿ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ಕೊಡೋ ಡೈನಮೋ) ಪೂರ್ತಿ ಕೊಡಲ್ಲ. ಅದರಲ್ಲೂ ಮಂಜು ಕಟ್ಟಿದ ಗಾಜಿಗೆ ಬ್ಲೋವರ್, ಕತ್ತಲೆಗೆ ಹೆಡ್‌ಲೈಟ್ ಹಾಕಿಕೊಂಡಿದ್ದರೆ ಬಂದದ್ದೆಲ್ಲ ಅಲ್ಲೇ ಖರ್ಚು. ಸೀಸದ ಬ್ಯಾಟರಿ ಮುಕ್ಕಾಲು ಭಾಗದವರೆಗೆ ಚುರುಕಾಗಿ ಚಾರ್ಜ್ ತಗೊಳ್ಳುತ್ತೆ, ಕೊನೆಯ ಕಾಲು ಭಾಗಕ್ಕೆ ಗಂಟೆಗಟ್ಟಲೆ ಬೇಕು. ಹತ್ತು ನಿಮಿಷದಲ್ಲಿ ಬಿಸಿಯಾಗದ ಎಂಜಿನ್ ಸೈಲೆನ್ಸರಲ್ಲೂ ಆಯಿಲಲ್ಲೂ ನೀರಿನ ಪಸೆ ಬಿಟ್ಟು ಹೋಗುತ್ತೆ, ಅದು ಬೇರೆ ನಷ್ಟ. ಓಡಿಸೋದಾದರೆ ಮಳೆ ಬಿಟ್ಟ ದಿನ ವಿರಾಜಪೇಟೆಗೋ ಮಡಿಕೇರಿಗೋ ಒಂದು ಸುತ್ತು ಹೋಗಿ ಬರಲಿ. ಓಡಿಸಲ್ಲ ಅಂದರೆ ಮುಟ್ಟದೇ ಇರಲಿ.

ಮುಟ್ಟದೇ ಇಡೋದಕ್ಕೆ ಎರಡು ದಾರಿ. ಖರ್ಚಿಲ್ಲದ್ದು: ಹತ್ತರ ಸ್ಪ್ಯಾನರಲ್ಲಿ ಮೈನಸ್ ಟರ್ಮಿನಲ್ ಬಿಚ್ಚಿ, ಕೇಬಲ್ ತಿರುಗಿ ತಾಗದ ಹಾಗೆ ಪಕ್ಕಕ್ಕೆ ಸರಿಸಿ ಬಟ್ಟೆ ಸುತ್ತೋದು. (ಕೆಲವು ಕಾರಿಗೆ ಬೇರೆ ಸೈಜ್ ಇರುತ್ತೆ.) ಮೈನಸ್ಸೇ ಯಾಕೆ ಅಂದರೆ, ಸ್ಪ್ಯಾನರ್ ಬಾಡಿಗೆ ತಾಗಿದರೂ ಕಿಡಿ ಹಾರಲ್ಲ. ಕೀ ಜೇಬಲ್ಲಿರಲಿ, ಬಿಚ್ಚಿದ ಮೇಲೆ ರಿಮೋಟ್ ಕೆಲಸ ಮಾಡಲ್ಲ. ಗಡಿಯಾರ, ರೇಡಿಯೋ ಸ್ಟೇಷನ್ ಅಳಿಸಿಹೋಗುತ್ತೆ, ಹೋಗಲಿ. ಬಿಚ್ಚಿಟ್ಟ ಒಳ್ಳೇ ಬ್ಯಾಟರಿ ತಾನಾಗೇ ಇಳಿಯೋದು ತಿಂಗಳಿಗೆ ನೂರಕ್ಕೆ ಮೂರೋ ಐದೋ ಭಾಗ ಮಾತ್ರ. ಜೂನ್ ಶುರುವಲ್ಲಿ ಫುಲ್ ಚಾರ್ಜ್ ಮಾಡಿ ಬಿಚ್ಚಿಟ್ಟರೆ ಸೆಪ್ಟೆಂಬರ್ ಶುರುವಿನ ಕೈಲ್‌ಪೋಳ್ದ್ ಹಬ್ಬದ ಹೊತ್ತಿಗೆ ಹಾಕಿದಾಗ ಸೆಲ್ಫ್ ಎತ್ತಲೇಬೇಕು.

ಇನ್ನೊಂದು, ಫ್ಲೋಟ್ ಇರೋ ಸ್ಮಾರ್ಟ್ ಚಾರ್ಜರ್. 35 ಎಎಚ್‌ಗೆ ಮೂರು-ನಾಲ್ಕು ಆಂಪಿನದ್ದು ಸಾಕು. ತುಂಬಿದ ಮೇಲೆ ತಾನೇ 13.5 ವೋಲ್ಟ್ ಆಸುಪಾಸಿಗೆ ಇಳಿದು ನಿಲ್ಲುತ್ತೆ, ಫ್ಲೋಟ್ ಅಂದರೆ ಅದೇ. ನಮ್ಮಲ್ಲಿ ಜುಲೈ ಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋಗೋದು ಗೊತ್ತಲ್ಲ. ಅದಕ್ಕೆ ಕರೆಂಟ್ ಬಂದಾಗ ತಾನಾಗೇ ಮತ್ತೆ ಶುರುವಾಗೋ ಮಾದರಿ ತಗೊಳ್ಳಿ, ಕೆಲವಕ್ಕೆ ಪ್ರತಿ ಸಲ ಬಟನ್ ಒತ್ತಬೇಕು. ಸೋಲಾರ್ ಪ್ಯಾನಲ್ ಬಗ್ಗೆ ಕೇಳಬೇಡಿ. ಶೀಟಿನ ಶೆಡ್ಡಲ್ಲಿ, ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮೋಡದಲ್ಲಿ, ಸಿಲ್ವರ್ ಓಕ್ ನೆರಳಲ್ಲಿ ಅದು ಏನು ಕೊಡುತ್ತೆ!

ಇಷ್ಟೆಲ್ಲ ಮಾಡೋಕೆ ಮೊದಲು ಒಂದು ಮಲ್ಟಿಮೀಟರ್ ತಗೊಳ್ಳಿ, ಬ್ಯಾಟರಿ ಬೆಲೆಯ ಮುಂದೆ ಅದೇನೂ ಅಲ್ಲ. ಕಾರು ರಾತ್ರಿಯೆಲ್ಲ ನಿಂತ ಮೇಲೆ ಬೆಳಿಗ್ಗೆ ಟರ್ಮಿನಲ್‌ಗೆ ಹಿಡಿದರೆ 12.6 ಬಂದರೆ ಫುಲ್, 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಅವತ್ತೇ ಚಾರ್ಜಿಗೆ ಹಾಕಿ. ಎಂಜಿನ್ ಓಡುವಾಗ 13.8ರಿಂದ 14.5ರ ಒಳಗೆ ಬರಬೇಕು. (ಈಚಿನ ಕೆಲವು ಕಾರುಗಳಲ್ಲಿ ಇಸಿಯು ತಾನೇ ಏರಿಳಿಸುತ್ತೆ, ಅಲ್ಲಿ ಒಂದೇ ರೀಡಿಂಗ್ ನೋಡಿ ತೀರ್ಪು ಕೊಡಬೇಡಿ.) 13 ದಾಟಲೇ ಇಲ್ಲ ಅಂದರೆ ತಪ್ಪು ಬ್ಯಾಟರಿದಲ್ಲದೇ ಇರಬಹುದು, ಮೊದಲು ಬೆಲ್ಟ್ ನೋಡಿ. ಮಳೆಗಾಲದ ಬೆಳಿಗ್ಗೆ ಕೀಂಯ್ ಅಂತ ಕೂಗೋ ಬೆಲ್ಟ್ ಜಾರುತ್ತಾ ಇರುತ್ತೆ, ಚಾರ್ಜೂ ಸರಿಯಾಗಿ ಆಗಲ್ಲ.

ಪಕ್ಕದ ತೋಟದವರ ಕಾರು ಹೀಗೇ ನಾಲ್ಕೈದು ದಿನ ನಿಂತರೆ ಸಾಕು, ಟಕ್ ಟಕ್ ಅಂದು ಸುಮ್ಮನಾಗ್ತಿತ್ತು. ಹೊಸ ಬ್ಯಾಟರಿ ಹಾಕಿಸಿದ್ದರೂ ಅದೇ ಕಥೆ. ಮೈನಸ್ ಕೇಬಲ್ ಬಿಚ್ಚಿ, ಕೇಬಲ್‌ಗೂ ಟರ್ಮಿನಲ್‌ಗೂ ನಡುವೆ ಮೀಟರನ್ನ ಹತ್ತು ಆಂಪಿನ ಸಾಕೆಟ್‌ನಲ್ಲಿ ಸೇರಿಸಿದೆವು. ಬಾಗಿಲೆಲ್ಲ ಹಾಕಿ, ಕೀ ದೂರ ಇಟ್ಟು ಅರ್ಧ ಗಂಟೆ ಕಾದೆವು. ಇಸಿಯು ಮಲಗೋಕೆ ಅಷ್ಟು ಹೊತ್ತು ಬೇಕು, ಅದಕ್ಕೂ ಮುಂಚೆ ನೋಡಿದರೆ ಸುಳ್ಳು ಲೆಕ್ಕ ಬರುತ್ತೆ. ಆಮೇಲೂ ಮೀಟರ್ 0.28 ಅಂತಲೇ ನಿಂತಿತ್ತು. ಫ್ಯೂಸ್ ಒಂದೊಂದೇ ಕೀಳ್ತಾ ಹೋದಾಗ ಒಂದರಲ್ಲಿ ದಡಕ್ಕನೆ 0.03ಕ್ಕೆ ಬಿತ್ತು. ಡ್ಯಾಶ್‌ಕ್ಯಾಮ್! ಹಾಕಿಕೊಟ್ಟವರು ಕೀ ಲೈನಿಗೆ ಕೊಡದೆ ನೇರ ಬ್ಯಾಟರಿ ಲೈನಿಗೆ ಕೊಟ್ಟಿದ್ದರು, ನಿಂತ ಕಾರಲ್ಲಿ ಹಗಲೂ ರಾತ್ರಿ ಶೆಡ್ಡಿನ ಗೋಡೆ ರೆಕಾರ್ಡ್ ಆಗ್ತಿತ್ತು. ದಿನಕ್ಕೆ ಆರೇಳು ಎಎಚ್ ಅಲ್ಲೇ ಹೋಗ್ತಿತ್ತು. ನಿಮ್ಮದರಲ್ಲೂ ಆಮೇಲೆ ಹಾಕಿಸಿದ ಸ್ಟೀರಿಯೋ, ಜಿಪಿಎಸ್, ಆಂಪ್ಲಿಫೈಯರ್ ಏನಾದರೂ ಇದ್ದರೆ ಮೊದಲ ಅನುಮಾನ ಅದರ ಮೇಲೇ ಇರಲಿ. ಮೀಟರ್ ಹೀಗೆ ಸೇರಿಸಿರುವಾಗ ಅಪ್ಪಿತಪ್ಪಿಯೂ ಸೆಲ್ಫ್ ಹೊಡೀಬೇಡಿ, ಮೀಟರ್ ಸುಟ್ಟುಹೋಗುತ್ತೆ.

ಇನ್ನು ಬದಲಿ ಬ್ಯಾಟರಿಗಳ ವಿಷಯ. ಇನ್ವರ್ಟರಿನ ಟ್ಯೂಬ್ಯುಲರ್ ಬ್ಯಾಟರಿ ಕಾರಿಗೆ ಹಾಕೋದು, ಉಳೋ ಎತ್ತನ್ನ ಓಟದ ಪಂದ್ಯಕ್ಕೆ ಬಿಟ್ಟ ಹಾಗೆ. ಅದರ ದಪ್ಪ ಪ್ಲೇಟ್ ನಿಧಾನಕ್ಕೆ ಗಂಟೆಗಟ್ಟಲೆ ಕೊಡೋಕೆ ಮಾಡಿದ್ದು, ಸೆಲ್ಫ್‌ಗೆ ಬೇಕಾಗಿರೋದು ಎರಡು-ಮೂರು ಸೆಕೆಂಡಿಗೆ ನೂರಾರು ಆಂಪ್. ಸಾಲದ್ದಕ್ಕೆ ಟ್ರೇಯಲ್ಲಿ ಕೂರೋದೂ ಇಲ್ಲ. ಸೂಪರ್ ಕೆಪಾಸಿಟರ್ ಆ ಒಂದು ಹೊಡೆತಕ್ಕೆ ಭೇಷ್, ಆದರೆ ನಿಂತ ಕಾರಲ್ಲಿ ಬಲು ಬೇಗ ಖಾಲಿಯಾಗುತ್ತೆ. ನಿಮ್ಮ ತೊಂದರೆಯೇ ನಿಂತ ಕಾರಿನದ್ದು.

ಲಿಥಿಯಂ ಅಂದರೆ ಕಾರಿಗೆ ಹಾಕೋದು ಲಿಥಿಯಂ ಐರನ್ ಫಾಸ್ಫೇಟ್, 3.2 ವೋಲ್ಟಿನ ನಾಲ್ಕು ಸೆಲ್ ಸೇರಿ 12.8. ಅದರ ಗುಣ ಒಪ್ಪಿಕೊಳ್ಳಲೇಬೇಕು: ತೂಕ ಸೀಸದ್ದರ ಅರ್ಧಕ್ಕಿಂತ ಕಮ್ಮಿ, ಅರ್ಧ ಚಾರ್ಜಲ್ಲಿ ಬಿಟ್ಟರೂ ಸಲ್ಫೇಟ್ ಅನ್ನೋ ರೋಗವೇ ಇಲ್ಲ. ಆದರೆ ನಿಂತ ಕಾರು ಎಳೆಯೋ ಆ 30 ಮಿಲಿಆಂಪ್ ಇದರಿಂದಲೂ ಎಳೆಯುತ್ತೆ. ಖಾಲಿಯಾಗುತ್ತಾ ಬಂದಾಗ ಒಳಗಿನ ಬಿಎಂಎಸ್ (ಸೆಲ್‌ಗಳನ್ನ ಕಾಯೋ ಸರ್ಕ್ಯೂಟ್) ದಿಢೀರನೆ ಕರೆಂಟ್ ಕತ್ತರಿಸುತ್ತೆ, ಸೆಲ್ಫ್ ನಿಧಾನವಾಗಿ ತಿರುಗಿ ಮುನ್ಸೂಚನೆ ಕೊಡೋದು ಇಲ್ಲಿಲ್ಲ. ಎಂಜಿನ್ ಓಡ್ತಿರುವಾಗ ಹಾಗೆ ಕತ್ತರಿಸಿದರೆ ಆಲ್ಟರ್ನೇಟರಿನ ವೋಲ್ಟೇಜ್ ಒಮ್ಮೆಲೇ ಜಿಗಿದು ಎಲೆಕ್ಟ್ರಾನಿಕ್ಸ್‌ಗೆ ಪೆಟ್ಟಾಗೋ ಅಪಾಯವೂ ಇದೆ. ಬೆಲೆ ಹಲವು ಪಟ್ಟು, ಕಾರಿನ ವಾರಂಟಿ ಇದ್ದರೆ ಅದರ ತಕರಾರು ಬೇರೆ. ಬೈಕಿಗೆ ಹಾಕಿಸೋದಾದರೆ ನನ್ನ ಅಭ್ಯಂತರ ಇಲ್ಲ.

ಲಿಥಿಯಂಗೇ ದುಡ್ಡು ಹಾಕಬೇಕು ಅಂತಿದ್ದರೆ ಒಂದು ಜಂಪ್ ಸ್ಟಾರ್ಟರ್ ಪ್ಯಾಕ್ ತಗೊಂಡು ಅಪ್ಪನ ಕೈಗೆ ಕೊಡಿ. ಜಡಿಮಳೆಯಲ್ಲಿ ಜಂಪ್ ಕೇಬಲ್ ಹಿಡಿದುಕೊಂಡು ಇನ್ನೊಂದು ಗಾಡಿ ಕಾಯೋ ಸ್ಥಿತಿ ಬರಬಾರದು. ಕೆಂಪು ಕ್ಲಿಪ್ ಪ್ಲಸ್‌ಗೆ, ಕಪ್ಪು ಎಂಜಿನ್ನಿನ ಗಟ್ಟಿ ಲೋಹಕ್ಕೆ. ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತೆ, ಅದರ ಹತ್ತಿರ ಕಿಡಿ ಬೇಡ. ಮೂರು ತಿಂಗಳಿಗೊಮ್ಮೆ ಪ್ಯಾಕ್ ಚಾರ್ಜ್ ಮಾಡಿಡೋಕೆ ಹೇಳಿ. ನಮ್ಮ ಕಡೆ ಜೀಪನ್ನ ಇಳಿಜಾರಲ್ಲೇ ನಿಲ್ಲಿಸೋ ಅಭ್ಯಾಸ ಸುಮ್ಮನೆ ಬಂದಿದ್ದಲ್ಲ, ಆದರೆ ಆ ಉಪಾಯ ನಿಮ್ಮ ಕಾರಿಗೆ ನಡೆಯಲ್ಲ. ಬ್ಯಾಟರಿ ಪೂರ್ತಿ ಸತ್ತರೆ ಪೆಟ್ರೋಲ್ ಪಂಪಿಗೂ ಇಸಿಯುಗೂ ಕರೆಂಟೇ ಇರಲ್ಲ, ಎಷ್ಟು ತಳ್ಳಿದರೂ ಅಷ್ಟೇ. ಆಟೊಮ್ಯಾಟಿಕ್ ಆದರಂತೂ ಮಾತೇ ಇಲ್ಲ.

ತೋಟದ ರಸ್ತೆಯಲ್ಲಿ ಓಡೋ ಗಾಡಿಗೆ ಒಂದು ವಿಷಯ ಗಮನಿಸಿ: ಬ್ಯಾಟರಿ ಹಿಡಿದಿಡೋ ಕ್ಲಾಂಪ್. ಕೈಯಿಂದ ಅಲ್ಲಾಡಿಸಿ, ಅಲುಗಿದರೆ ಬಿಗಿ ಮಾಡಿ. ಕಲ್ಲು-ಹೊಂಡದ ಕುಲುಕಾಟಕ್ಕೆ ಪ್ಲೇಟಿನ ಪುಡಿ ಉದುರಿ ತಳ ಸೇರುತ್ತೆ, ಒಂದು ದಿನ ಸೆಲ್ ಶಾರ್ಟ್. ಟರ್ಮಿನಲ್ ಮೇಲೆ ಬಿಳಿ-ಹಸಿರು ಬೂಷ್ಟು ಬಂದಿದ್ದರೆ ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಉಜ್ಜಿ, ಒಣಗಿಸಿ ಬಿಗಿದು, ಮೇಲೆ ವ್ಯಾಸಲೀನ್ ಸವರಿ. ಮುಚ್ಚಳ ಇರೋ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ಮಳೆನೀರು ಶುದ್ಧ ಅಲ್ವಾ ಅಂತ ಮಾಡಿನ ನೀರು ಹಿಡಿದು ಹಾಕೋರೂ ಇದ್ದಾರೆ, ಬೇಡ.

ಹೊಸದು ತಗೊಳ್ಳುವಾಗ ತಯಾರಾದ ತಿಂಗಳು ನೋಡಿ, ಅಂಗಡಿಯಲ್ಲೇ ಮೀಟರ್ ಹಿಡಿಸಿ. ಆರು ತಿಂಗಳು ರ‍್ಯಾಕಲ್ಲಿ ಕೂತಿದ್ದು ನಿಮ್ಮ ಶೆಡ್ಡಲ್ಲಿ ಕೂತಿದ್ದಕ್ಕೆ ಸಮ. 12.5ಕ್ಕಿಂತ ಕಮ್ಮಿ ಇದ್ದರೆ ಬೇರೆ ಕೊಡಿ ಅನ್ನಿ. ಪ್ಲಸ್ ಯಾವ ಕಡೆ ಇದೆ ಅಂತ ಹಳೇದಕ್ಕೆ ಹೋಲಿಸಿ, ಇಲ್ಲದಿದ್ದರೆ ಕೇಬಲ್ ಎಟುಕಲ್ಲ. ಸಿಗ್ನಲ್ಲಲ್ಲಿ ತಾನೇ ಆಫ್ ಆಗೋ ಸ್ಟಾರ್ಟ್-ಸ್ಟಾಪ್ ಕಾರಾದರೆ ಕಂಪನಿ ಹೇಳಿದ ಇಎಫ್‌ಬಿ ಅಥವಾ ಎಜಿಎಂ (ಪದೇ ಪದೇ ಸ್ಟಾರ್ಟ್ ಆಗೋದನ್ನ ತಡೆಯೋ ಸೀಸದ ಬ್ಯಾಟರಿ) ಮಾದರಿಯನ್ನೇ ಹಾಕಿಸಿ, ಮಾಮೂಲಿದು ಅಲ್ಲಿ ಬಾಳಲ್ಲ. ಹಳೇದನ್ನ ಅಂಗಡಿಗೇ ಕೊಟ್ಟು ಬೆಲೆಯಲ್ಲಿ ಕಳೆಸಿಕೊಳ್ಳಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿ ವಾಪಸ್ ಪಡೆದು ಮರುಬಳಕೆಗೆ ಕಳಿಸೋ ಹೊಣೆ ತಯಾರಕರದ್ದೇ. ಗುಜರಿಗೆ ಹಾಕೋ ಮುಂಚೆ ಆಸಿಡ್ಡನ್ನ ಕಾಫಿ ಗಿಡದ ಬುಡಕ್ಕೋ ತೋಡಿಗೋ ಸುರಿಯೋರನ್ನ ನೋಡಿದ್ದೀನಿ. ಆ ಆಸಿಡ್ಡಲ್ಲಿ ಸೀಸವೂ ಇರುತ್ತೆ, ತೋಡಿನ ನೀರು ಕೆಳಗಿನ ಮನೆಯವರ ಬಾವಿಗೂ ಹೋಗುತ್ತೆ.